ಆಶ್ರಮದಿಂದ ಕಾಲೇಜಿಗೆ: ವಿಧವಾ ವಿದ್ಯಾರ್ಥಿನಿಯರ ಶಿಕ್ಷಣದಲ್ಲಿ ಕೆಲವು ಪ್ರಯೋಗಗಳು

೧

ನಮ್ಮ ದೇಶದಲ್ಲಿ ಸ್ತ್ರೀಶಿಕ್ಷಣದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಶಾಲೆಗಳ ಸ್ಥಾಪನೆಯನ್ನೂ ಪ್ರಥಮ ಪದವೀಧರೆಯರ ಹೆಸರುಗಳನ್ನೂ ಕ್ರಮವಾಗಿ ಹೇಳಿ ಮುಗಿಸುತ್ತಾರೆ. ಅನುಕೂಲಸ್ಥರ ಮನೆಯ ಹುಡುಗಿ ತಂದೆಯ ಅಥವಾ ಪತಿಯ ಪ್ರೋತ್ಸಾಹದಿಂದ ಕಾಲೇಜಿನ ಮೆಟ್ಟಿಲನ್ನೇರಿದ ಕಥೆ ಹೀಗೆ ದಾಖಲೆಯಾಗಿದೆ. ಆದರೆ ಬೆಂಬಲಕ್ಕೆ ತಂದೆಯಾಗಲಿ ಪತಿಯಾಗಲಿ ಇಲ್ಲದ, ಬಾಲ್ಯದಲ್ಲಿ ಅಕ್ಷರಾಭ್ಯಾಸವೂ ಸರಿಯಾಗಿ ನಡೆಯದ, ಕೈಯಲ್ಲಿ ಕಾಸಿಲ್ಲದ ಹೆಂಗಸು ಕಾಲೇಜನ್ನು ಸೇರಿದುದು ಹೇಗೆ? ಸೇರಿದ ಮೇಲೆ ಅಲ್ಲಿ ನಿಂತುದು ಹೇಗೆ? ಓದು ಮುಗಿದ ಮೇಲೆ ಆಕೆ ತನ್ನ ಕಾಲ ಮೇಲೆ ತಾನು ನಿಲ್ಲುವಂತಾದುದು ಯಾವ ಏರ್ಪಾಟಿನಿಂದ? ಈ ಪ್ರಶ್ನೆಗಳ ಕಡೆಗೆ ಚರಿತ್ರಕಾರರ ಲಕ್ಷ್ಯ ಹರಿದುದು ಕಡಮೆ.

ಇಂದು ನಮ್ಮ ಕಾಲೇಜುಗಳಲ್ಲಿ ಹಿಂದುಳಿದ ಹಾಗೂ ಬಡಕುಟುಂಬಗಳ ವಿದ್ಯಾರ್ಥಿನಿಯರಿಗಾಗಿ ಕೌಶಲ ತರಬೇತಿ, ವ್ಯಕ್ತಿತ್ವ ವಿಕಸನ ಮೊದಲಾದ ಹೆಸರುಗಳಲ್ಲಿ ಅನೇಕ ಕಾರ್ಯಕ್ರಮಗಳು ನಡೆಯುತ್ತಿವೆ. ಇವು ಹೊಸ ಕಲ್ಪನೆಗಳೆಂಬ ಭಾವನೆ ಅಧ್ಯಾಪಕರಲ್ಲಿಯೂ ಇದೆ. ವಸ್ತುತಃ ಈ ಹೆಸರುಗಳು ಹುಟ್ಟುವುದಕ್ಕೆ ಬಹಳ ಮೊದಲೇ ಈ ಕಾರ್ಯ ನಮ್ಮಲ್ಲಿ ಆರಂಭವಾಗಿದ್ದಿತು. ಅದರ ಪ್ರಥಮ ಫಲಾನುಭವಿಗಳು ಬಾಲವಿಧವೆಯರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉಚ್ಚ ಜಾತಿಗಳ ವಿಧವೆಗಿಂತ ನಿರಾಧಾರಳಾದ ವಿದ್ಯಾರ್ಥಿನಿಯನ್ನು ಕಲ್ಪಿಸುವುದು ಕಷ್ಟ: ಆಕೆಗೆ ಧನವಿಲ್ಲ, ಓದಿನ ತಳಹದಿಯಿಲ್ಲ, ಮನೆಗೆಲಸದಿಂದ ಬಿಡುವಿಲ್ಲ, ಎಲ್ಲಕ್ಕೂ ಮಿಗಿಲಾಗಿ ಸಮಾಜದ ಅನುಮತಿಯಿಲ್ಲ. ಈ ನಾಲ್ಕು ಅಭಾವಗಳನ್ನು ಒಂದೊಂದಾಗಿ ನೀಗಿಸಲು ಪುಣೆ ಮತ್ತು ಮದರಾಸುಗಳಲ್ಲಿ ನಡೆದ ಪ್ರಯೋಗಗಳನ್ನು ವಿವೇಚಿಸಿ, ಅವುಗಳಿಂದ ನಾವು ತಿಳಿಯಬೇಕಾದುದೇನೆಂಬುದನ್ನು ಸೂಚಿಸುವುದು ಈ ಲೇಖನದ ಉದ್ದೇಶ.

೨

ಈ ಕಥೆಯ ಮೊದಲ ಎಳೆ ಕರ್ನಾಟಕಕ್ಕೆ ಸೇರಿದುದು. ಕಾರ್ಕಳದ ಸಮೀಪದ ಮಾಳ ಗ್ರಾಮಕ್ಕೆ ಸಂಬಂಧಿಸಿದ ಅನಂತಶಾಸ್ತ್ರಿ ಡೋಂಗ್ರೆ ಎಂಬ ವಿದ್ವಾಂಸರು ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದರು. ಇದು ಬಂಧುವರ್ಗಕ್ಕೆ ಸಹಿಸಲಿಲ್ಲ. ದಂಪತಿಗಳು ಪಶ್ಚಿಮ ಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಆಶ್ರಮವನ್ನು ಕಟ್ಟಿಕೊಂಡು ನೆಲಸಿದರು. ಅಲ್ಲಿ ೧೮೫೮ರಲ್ಲಿ ಜನಿಸಿದ ಮಗಳೇ ಪಂಡಿತಾ ರಮಾಬಾಯಿ. ತಾಯಿಯಿಂದ ಸಂಸ್ಕೃತವನ್ನು ಕಲಿತ ಈಕೆ ೧೮೭೮ರಲ್ಲಿ ಕಲಕತ್ತೆಯ ವಿದ್ವಾಂಸರಿಂದ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನು ಪಡೆದಳು. ೧೮೮೨ರಲ್ಲಿ ಪತಿ ತೀರಿಕೊಂಡ ಬಳಿಕ ಆಕೆ ಸ್ವತಃ ವಿಧವೆಯ ಬಾಳನ್ನು ಕಂಡಳು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳಿಗೆ ಉಪಾಧ್ಯಾಯಿನಿಯರೂ ಸ್ತ್ರೀವೈದ್ಯರೂ ಬೇಕೆಂದು ವಾದಿಸಿದಳು. ಸ್ತ್ರೀಯರ ವೃತ್ತಿಶಿಕ್ಷಣದ ಬೇಡಿಕೆಯನ್ನು ಸರ್ಕಾರದ ಮುಂದೆ ಸ್ತ್ರೀಯೊಬ್ಬಳೇ ಇಟ್ಟ ಮೊದಲ ಸಂದರ್ಭಗಳಲ್ಲಿ ಇದೂ ಒಂದು.

ಇಂಗ್ಲೆಂಡು ಅಮೆರಿಕಗಳಲ್ಲಿದ್ದು, ಫಿಲಡೆಲ್ಫಿಯದಲ್ಲಿ ಶಿಶುವಿಹಾರ ಪದ್ಧತಿಯನ್ನು ಅಭ್ಯಾಸ ಮಾಡಿ ಹಿಂದಿರುಗಿದ ರಮಾಬಾಯಿ, ೧೮೮೯ರ ಮಾರ್ಚ್ ೧೧ರಂದು ಮುಂಬಯಿಯಲ್ಲಿ ಶಾರದಾಸದನವನ್ನು ತೆರೆದಳು. ಮರುವರ್ಷ ಅದು ಪುಣೆಗೆ ಬಂದಿತು. ಅಲ್ಲಿ ಸೇರಿದ ಪ್ರಥಮ ವಿಧವೆ ಗೋದೂಬಾಯಿ. ಈಕೆಯ ಹೆಸರು ಮುಂದೆ ಮತ್ತೆ ಬರುವುದು. ಊಟ ವಸತಿಗಳೊಡನೆ ಓದು, ಓದಿನೊಡನೆ ಜೀವನೋಪಾಯಕ್ಕೆ ಬೇಕಾದ ಕಸಬು, ಇವು ಮೂರನ್ನೂ ಒಂದೇ ಸೂರಿನಡಿ ಸೇರಿಸಿದುದು ಸದನದ ವೈಶಿಷ್ಟ್ಯ.

ಆದರೆ ಸದನದ ಚರಿತ್ರೆಯಲ್ಲಿ ೧೮೯೩ ಒಂದು ಆಘಾತದ ವರ್ಷ. ೧೮೮೩ರಲ್ಲಿಯೇ ಕ್ರೈಸ್ತಮತವನ್ನು ಸ್ವೀಕರಿಸಿದ್ದ ರಮಾಬಾಯಿಯ ಪ್ರಭಾವದಿಂದ ಹುಡುಗಿಯರು ಮತಾಂತರ ಹೊಂದುವರೆಂಬ ಆರೋಪವೆದ್ದು, ಅನೇಕ ಪೋಷಕರು ತಮ್ಮ ಮಕ್ಕಳನ್ನು ಹಿಂದಕ್ಕೆ ಕರೆದುಕೊಂಡರು. ಈ ವಿವಾದದಲ್ಲಿ ಯಾರ ಪಕ್ಷ ನ್ಯಾಯವಾದುದೆಂಬುದು ನಮ್ಮ ಪ್ರಕೃತ ವಿಷಯವಲ್ಲ. ಇಲ್ಲಿ ಗಮನಿಸತಕ್ಕ ಅಂಶ ಬೇರೆ: ಹೊರಗಿನ ಹಿರಿಯರು ಜಗಳವಾಡಿದಾಗ ಓದು ನಿಂತುದು ಹುಡುಗಿಯರದು. ವಿದ್ಯಾರ್ಥಿನಿಯ ಇಚ್ಛೆಯನ್ನು ಕೇಳುವ ಪದ್ಧತಿ ಎರಡು ಪಕ್ಷಗಳಲ್ಲಿಯೂ ಪ್ರಬಲವಾಗಿರಲಿಲ್ಲ. ನಿರಾಧಾರಳಾದವಳಿಗೆ ನೆರವು ನೀಡುವ ಸಂಸ್ಥೆ ಸಮಾಜದ ವಿಶ್ವಾಸವನ್ನು ಕಳೆದುಕೊಂಡರೆ ಅದರ ಬೆಲೆಯನ್ನು ತೆರುವವಳು ಆಕೆಯೇ ಎಂಬ ಪಾಠವನ್ನು ಮುಂದಿನವರು ಇದರಿಂದ ಕಲಿತರು.

೩

ಹಾಗೆ ಕಲಿತವರಲ್ಲಿ ಮುಖ್ಯರು ಧೋಂಡೋ ಕೇಶವ ಕರ್ವೆಯವರು. ರಮಾಬಾಯಿ ಹುಟ್ಟಿದ ವರ್ಷದಲ್ಲಿಯೇ, ೧೮೫೮ರಲ್ಲಿ, ಕೊಂಕಣದಲ್ಲಿ ಜನಿಸಿದ ಇವರು ೧೮೯೧ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾದರು. ಪತ್ನೀವಿಯೋಗದ ಬಳಿಕ ೧೮೯೩ರಲ್ಲಿ ಶಾರದಾಸದನದ ವಿದ್ಯಾರ್ಥಿನಿಯಾಗಿದ್ದ ಗೋದೂಬಾಯಿಯನ್ನು ವಿವಾಹವಾಗಿ, ಸ್ವಗ್ರಾಮದವರಿಂದ ಬಹಿಷ್ಕಾರವನ್ನು ಅನುಭವಿಸಿದರು. ೧೮೯೬ರಲ್ಲಿ ಅನಾಥ ಬಾಲಿಕಾಶ್ರಮದ ಮಂಡಲಿಯನ್ನು ಸ್ಥಾಪಿಸಿದರು. ೧೯೦೦ರಲ್ಲಿ ಆಶ್ರಮವು ಪುಣೆಯ ಹೊರಗಿನ ಹಿಂಗಣೆ ಗ್ರಾಮದ ಒಂದು ಗುಡಿಸಲಿಗೆ ಬಂದಿತು. ಕಾಲೇಜಿನಲ್ಲಿ ಪಾಠ ಮುಗಿಸಿ, ಕರ್ವೆಯವರು ಕೆಲವು ಮೈಲಿಗಳ ದಾರಿಯನ್ನು ನಡೆದು ಆಶ್ರಮಕ್ಕೆ ಹೋಗುತ್ತಿದ್ದರು.

ಸ್ವತಃ ವಿಧವಾವಿವಾಹ ಮಾಡಿಕೊಂಡ ಕರ್ವೆಯವರು ಆಶ್ರಮವನ್ನು ವಿವಾಹ ಪ್ರಚಾರದಿಂದ ಬೇರ್ಪಡಿಸಿದುದು ಅವರ ದೂರದೃಷ್ಟಿಗೆ ನಿದರ್ಶನ. ಆಶ್ರಮದ ಗುರಿ ವಿದ್ಯೆ ಮತ್ತು ಸ್ವಾವಲಂಬನ ಮಾತ್ರ ಎಂದು ಸ್ಪಷ್ಟಪಡಿಸಿದುದರಿಂದ ಸನಾತನಿಗಳ ಮನೆಯ ವಿಧವೆಯರೂ ಅಲ್ಲಿಗೆ ಬರಲು ಸಾಧ್ಯವಾಯಿತು. ಇದನ್ನು ಹಿಂಜರಿಕೆಯೆಂದು ಕರೆಯುವವರುಂಟು. ೧೮೯೩ರ ಘಟನೆಯನ್ನು ನೆನೆದರೆ ಇದು ಅಗತ್ಯವಾದ ಎಚ್ಚರಿಕೆಯೆಂದೇ ನಮ್ಮ ಅಭಿಪ್ರಾಯ.

ಆಶ್ರಮದ ಶಿಕ್ಷಣ ವ್ಯಕ್ತಿಯ ಮೇಲೆ ಮಾಡಿದ ಪರಿಣಾಮಕ್ಕೆ ಪಾರ್ವತೀಬಾಯಿ ಆಠವಲೆಯ ಜೀವನವೇ ಉತ್ತಮ ಉದಾಹರಣೆ. ಗೋದೂಬಾಯಿಯ ಸೋದರಿಯಾದ ಈಕೆ ಚಿಕ್ಕ ವಯಸ್ಸಿನಲ್ಲಿಯೇ ವಿಧವೆಯಾಗಿ, ಮಗನೊಬ್ಬನನ್ನು ಸಾಕುವ ಹೊಣೆ ಹೊತ್ತು, ವಯಸ್ಸಿಗೆ ಬಂದ ಮೇಲೆ ಓದನ್ನು ಆರಂಭಿಸಿದವಳು. ಮುಂದೆ ಆಶ್ರಮದ ಮೇಲ್ವಿಚಾರಕಿಯಾದಳು. ಊರೂರು ತಿರುಗಿ, ಸಭೆಗಳಲ್ಲಿ ಮಾತನಾಡಿ, ಆಶ್ರಮಕ್ಕೆ ಧನ ಸಂಗ್ರಹಿಸಿದಳು. ಇಂಗ್ಲಿಷಿನ ಕೊರತೆ ತನ್ನ ಕೆಲಸಕ್ಕೆ ಅಡ್ಡಿಯೆಂದು ಕಂಡಾಗ, ನಡುವಯಸ್ಸು ಮೀರುತ್ತಿದ್ದರೂ, ೧೯೧೮ರಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿ ಮನೆಗೆಲಸ ಮಾಡಿ ಹೊಟ್ಟೆ ಹೊರೆದುಕೊಂಡು ಆ ಭಾಷೆಯನ್ನು ಕಲಿಯಲು ಯತ್ನಿಸಿದಳು. ಇವಳಿಗೆ ಧೈರ್ಯ ಬಂದುದು ಧೈರ್ಯದ ಮೇಲಿನ ಉಪನ್ಯಾಸದಿಂದಲ್ಲ. ಲೆಕ್ಕವಿಡುವ, ವಂತಿಗೆ ಕೇಳುವ, ಹತ್ತಾರು ಹೆಂಗಸರ ಊಟೋಪಚಾರ ನೋಡಿಕೊಳ್ಳುವ ಹೊಣೆಯನ್ನು ಆಶ್ರಮವು ಅವಳ ಕೈಗೆ ಒಪ್ಪಿಸಿದುದರಿಂದ. ಹೊಣೆಯನ್ನು ಹೊತ್ತಾಗ ವ್ಯಕ್ತಿತ್ವ ಬೆಳೆಯುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕಿಲ್ಲ.

೧೯೦೭ರಲ್ಲಿ ಮಹಿಳಾ ವಿದ್ಯಾಲಯ ಸ್ಥಾಪನೆಯಾಗಿ, ವಿಧವೆಯರಲ್ಲದ ಹುಡುಗಿಯರಿಗೂ ಅವಕಾಶ ದೊರೆಯಿತು. ೧೯೧೫ರಲ್ಲಿ ಮುಂಬಯಿಯಲ್ಲಿ ಸೇರಿದ ರಾಷ್ಟ್ರೀಯ ಸಾಮಾಜಿಕ ಸಮ್ಮೇಲನದ ಅಧ್ಯಕ್ಷರಾಗಿ, ಜಪಾನಿನ ಮಹಿಳಾ ವಿಶ್ವವಿದ್ಯಾನಿಲಯದ ಮಾದರಿಯನ್ನು ಮುಂದಿಟ್ಟುಕೊಂಡು, ಕರ್ವೆಯವರು ಪ್ರತ್ಯೇಕ ಮಹಿಳಾ ವಿಶ್ವವಿದ್ಯಾನಿಲಯದ ಯೋಜನೆಯನ್ನು ಮಂಡಿಸಿದರು. ಮರುವರ್ಷವೇ, ೧೯೧೬ರಲ್ಲಿ, ಅದು ಐವರು ವಿದ್ಯಾರ್ಥಿನಿಯರೊಡನೆ ಪ್ರಾರಂಭವಾಯಿತು. ನಮ್ಮ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದುದೂ ಅದೇ ವರ್ಷ ಎಂಬುದು ಸ್ಮರಣೀಯ. ಒಂದಕ್ಕೆ ಸಂಸ್ಥಾನದ ಆಶ್ರಯ, ಮತ್ತೊಂದಕ್ಕೆ ಜನರ ವಂತಿಗೆ. ೧೯೨೦ರಲ್ಲಿ ಸರ್ ವಿಠ್ಠಲದಾಸ ಠಾಕರಸಿಯವರು ೧೫ ಲಕ್ಷ ರೂಪಾಯಿಗಳ ದಾನವನ್ನು ಘೋಷಿಸಿದ ಮೇಲೆ ಅದಕ್ಕೆ ಅವರ ತಾಯಿ ನಾಥೀಬಾಯಿಯವರ ಹೆಸರು ಬಂದಿತು.

ಈ ವಿಶ್ವವಿದ್ಯಾನಿಲಯದ ಪಾಠಕ್ರಮದಲ್ಲಿ ಎರಡು ಅಂಶಗಳು ಮುಖ್ಯವಾದುವು. ಮೊದಲನೆಯದು ಮಾತೃಭಾಷೆಯ ಮಾಧ್ಯಮ. ಇಂಗ್ಲಿಷು ಒಂದು ವಿಷಯವಾಗಿ ಮಾತ್ರ ಉಳಿಯಿತು. ಎರಡನೆಯದು ಗೃಹವಿಜ್ಞಾನ, ಆರೋಗ್ಯಶಾಸ್ತ್ರ ಮುಂತಾದ, ಹೆಂಗಸರಿಗೆ ವಿಶೇಷವಾಗಿ ಉಪಯುಕ್ತವೆಂದು ಭಾವಿಸಿದ ವಿಷಯಗಳು. ಪದವಿಗೆ ‘ಗೃಹೀತಾಗಮಾ’ ಎಂಬ ಹೆಸರನ್ನಿಟ್ಟರು. ತಡವಾಗಿ ಓದಲಾರಂಭಿಸಿದ ವಿಧವೆಗೆ ಪರಭಾಷೆಯ ಹೊರೆಯನ್ನು ಇಳಿಸಿದ ಮೊದಲನೆಯ ಸುಧಾರಣೆ ನಿಸ್ಸಂದೇಹವಾಗಿ ಉಪಕಾರಕವಾದುದು. ಎರಡನೆಯದು ವಿವಾದಾಸ್ಪದ, ಅದನ್ನು ಮುಂದೆ ಪರಿಶೀಲಿಸುವೆವು.

೪

ಕರ್ವೆಯವರ ಮಾರ್ಗಕ್ಕೆ ವಿರುದ್ಧ ದಿಕ್ಕಿನಲ್ಲಿ ಹೊರಟುದು ಮದರಾಸಿನ ಪ್ರಯೋಗ. ಅದರ ನಾಯಕಿ ಆರ್. ಎಸ್. ಸುಬ್ಬಲಕ್ಷ್ಮಿ ಸ್ವತಃ ಬಾಲವಿಧವೆ. ೧೮೮೬ರಲ್ಲಿ ಜನಿಸಿದ ಆಕೆಗೆ ತಂದೆಯ ಬೆಂಬಲವೂ, ತನ್ನಂತೆಯೇ ವಿಧವೆಯಾಗಿದ್ದ ಚಿಕ್ಕಮ್ಮನ ಆಸರೆಯೂ ದೊರೆತುವು. ಕಾನ್ವೆಂಟ್ ಶಾಲೆಯಲ್ಲಿ ಓದಿ, ೧೯೧೧ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ಪದವಿ ಪಡೆದು, ಮದರಾಸು ಪ್ರಾಂತದಲ್ಲಿ ಪದವೀಧರೆಯಾದ ಪ್ರಥಮ ಹಿಂದೂ ವಿಧವೆಯೆನಿಸಿದಳು. ಮರುವರ್ಷ ಎಗ್ಮೂರಿನ ಮನೆಯಲ್ಲಿ ಕೆಲವೇ ಬಾಲವಿಧವೆಯರನ್ನು ಇರಿಸಿಕೊಂಡು ಓದಿಸಲು ತೊಡಗಿದಳು. ಅದೇ ವರ್ಷ ಶಾರದಾ ಲೇಡೀಸ್ ಯೂನಿಯನ್ ಎಂಬ ಮಹಿಳಾ ಸಂಘವನ್ನೂ ಸ್ಥಾಪಿಸಿದಳು.

ಈ ಕಾರ್ಯಕ್ಕೆ ಸರ್ಕಾರದ ಬೆಂಬಲ ಬಂದುದಕ್ಕೆ ಪ್ರಬಲವಾದ ಕಾರಣವಿದ್ದಿತು. ಹೆಣ್ಣುಮಕ್ಕಳ ಶಾಲೆಗಳನ್ನು ಹೆಚ್ಚಿಸಬೇಕಾದರೆ ಉಪಾಧ್ಯಾಯಿನಿಯರು ಬೇಕು, ಸಂಸಾರವಂದಿಗರಾದ ಹಿಂದೂ ಸ್ತ್ರೀಯರು ಆ ಕೆಲಸಕ್ಕೆ ಬರುತ್ತಿರಲಿಲ್ಲ, ವಿಧವೆಯರು ಬರಬಲ್ಲವರಾಗಿದ್ದರು. ಹೀಗೆ ಸರ್ಕಾರದ ಕೊರತೆಯೂ ವಿಧವೆಯ ಕೊರತೆಯೂ ಪರಸ್ಪರ ಪೂರಕವಾದುವು. ಓದಿದ ಮೇಲೆ ಆಕೆ ಮಾಡಬೇಕಾದ ಕೆಲಸ ಮೊದಲೇ ಗೊತ್ತಾಗಿದ್ದಿತು. ತರಬೇತಿಯ ಕೊನೆಯಲ್ಲಿ ನಿಶ್ಚಿತವಾದ ಹುದ್ದೆಯಿದ್ದುದೇ ಮದರಾಸಿನ ಪ್ರಯೋಗದ ಯಶಸ್ಸಿಗೆ ಮುಖ್ಯ ಕಾರಣವೆಂದು ಹೇಳಬಹುದು.

ವಿಧವೆಯರ ನಿಲಯವು ಮುಂದೆ ಮರೀನಾ ತೀರದ ‘ಐಸ್ ಹೌಸ್’ಗೆ ಬಂದಿತು. ಅಮೆರಿಕದಿಂದ ಹಡಗಿನಲ್ಲಿ ತಂದ ಮಂಜುಗಡ್ಡೆಯನ್ನು ಕೂಡಿಡಲು ೧೮೪೨ರಲ್ಲಿ ಕಟ್ಟಿಸಿದ, ೧೮೯೭ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಕಟ್ಟಡವದು. ೧೯೧೪ರಲ್ಲಿ ಅದೇ ತೀರದಲ್ಲಿ ಮಹಿಳೆಯರ ಸರ್ಕಾರೀ ಕಾಲೇಜು ಸ್ಥಾಪಿತವಾಯಿತು. ೧೯೧೭ರಲ್ಲಿ ಅದಕ್ಕೆ ಕ್ವೀನ್ ಮೇರಿ ಕಾಲೇಜೆಂದು ಹೆಸರಾಯಿತು. ನಿಲಯದ ಹುಡುಗಿಯರು ಪ್ರೌಢಶಾಲೆಯನ್ನು ಮುಗಿಸಿ ಆ ಕಾಲೇಜಿಗೆ ಹೋಗುವಂತಾಯಿತು. ವಸತಿ ಒಂದೆಡೆ, ಕಾಲೇಜು ನಡೆದು ಹೋಗುವಷ್ಟು ಹತ್ತಿರ. ನಡುವೆ ಯಾರ ಹಂಗೂ ಇಲ್ಲ. ೧೯೨೨ರಲ್ಲಿ ಉಪಾಧ್ಯಾಯಿನಿಯರ ಶಿಕ್ಷಣಕ್ಕಾಗಿ ಲೇಡಿ ವಿಲಿಂಗ್ಡನ್ ಟ್ರೈನಿಂಗ್ ಕಾಲೇಜು ಆರಂಭವಾದಾಗ ಸುಬ್ಬಲಕ್ಷ್ಮಿಯೇ ಅದರ ಪ್ರಥಮ ಪ್ರಿನ್ಸಿಪಾಲಳಾದಳು. ನಿರಾಧಾರಳಾದ ಹುಡುಗಿಯೊಬ್ಬಳು ಅಕ್ಷರಾಭ್ಯಾಸದಿಂದ ಹಿಡಿದು ಉಪಾಧ್ಯಾಯಿನಿಯ ಹುದ್ದೆಯವರೆಗೆ ಏರಬಹುದಾದ ಮೆಟ್ಟಿಲುಗಳೆಲ್ಲ ಈ ಹತ್ತು ವರ್ಷಗಳಲ್ಲಿ ಸಿದ್ಧವಾದುವು.

ಇಲ್ಲಿ ಹೆಂಗಸರಿಗೆಂದು ಬೇರೆ ಪಾಠಕ್ರಮವಿರಲಿಲ್ಲ. ಗಂಡಸರು ಕುಳಿತ ಪರೀಕ್ಷೆಗೇ ಇವರೂ ಕುಳಿತರು. ಪಡೆದುದು ಮದರಾಸು ವಿಶ್ವವಿದ್ಯಾನಿಲಯದ ಪದವಿಯನ್ನೇ. ಆದರೆ ಬೇರೊಂದು ಮಿತಿ ಇದ್ದಿತು. ಸರ್ಕಾರೀ ನಿಲಯಕ್ಕೆ ಎಳೆಯ ವಯಸ್ಸಿನವರನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದುದರಿಂದ ಹದಿನೆಂಟು ದಾಟಿದ ವಿಧವೆಗೆ ಅಲ್ಲಿ ಸ್ಥಾನವಿರಲಿಲ್ಲ. ಈ ಕೊರತೆಯನ್ನು ತುಂಬಲೆಂದೇ ೧೯೨೭ರಲ್ಲಿ ಶಾರದಾ ವಿದ್ಯಾಲಯವನ್ನು ಸುಬ್ಬಲಕ್ಷ್ಮಿ ಆರಂಭಿಸಿದಳು.

೫

ವಯಸ್ಸು ಮೀರಿದವಳ ಸಮಸ್ಯೆಗೆ ಹೆಚ್ಚು ವ್ಯಾಪಕವಾದ ಪರಿಹಾರವನ್ನು ಕಂಡುಹಿಡಿದವರು ದುರ್ಗಾಬಾಯಿ. ೧೯೦೯ರಲ್ಲಿ ರಾಜಮಹೇಂದ್ರಿಯಲ್ಲಿ ಜನಿಸಿದ ಇವರು ಬಾಲ್ಯದಲ್ಲಿ ಶಾಲೆಯನ್ನು ಬಿಟ್ಟು, ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿ, ಬಿಡುಗಡೆಯ ಬಳಿಕ ಖಾಸಗಿಯಾಗಿ ಓದಿ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು. ಅನಂತರ ಪದವಿಗಳನ್ನೂ ನ್ಯಾಯಶಾಸ್ತ್ರವನ್ನೂ ಮುಗಿಸಿದರು. ತಾವು ಹಿಡಿದ ಒಳದಾರಿಯನ್ನೇ ಇತರರಿಗೂ ಹೆದ್ದಾರಿ ಮಾಡಿದುದು ಇವರ ಹಿರಿಮೆ. ೧೯೩೭ರಲ್ಲಿ ಮದರಾಸಿನಲ್ಲಿ ಆರಂಭವಾದ ಆಂಧ್ರ ಮಹಿಳಾ ಸಭೆಯ ಮೊದಲ ಕೆಲಸಗಳಲ್ಲಿ ಒಂದು, ಓದು ನಿಂತುಹೋದ ಹೆಂಗಸರನ್ನು ಬನಾರಸಿನ ಮೆಟ್ರಿಕ್ಯುಲೇಷನ್ನಿಗೆ ಸಿದ್ಧಗೊಳಿಸುವುದು.

ಸ್ವಾತಂತ್ರ್ಯಾನಂತರ, ೧೯೫೩ರಲ್ಲಿ ಸ್ಥಾಪಿತವಾದ ಕೇಂದ್ರ ಸಮಾಜ ಕಲ್ಯಾಣ ಮಂಡಲಿಯ ಅಧ್ಯಕ್ಷೆಯಾಗಿ, ದುರ್ಗಾಬಾಯಿಯವರು ಒಂದು ವಿಚಿತ್ರ ಪರಿಸ್ಥಿತಿಯನ್ನು ಕಂಡರು. ಪಂಚವಾರ್ಷಿಕ ಯೋಜನೆಗಳಿಗೆ ದಾದಿಯರು, ಸೂಲಗಿತ್ತಿಯರು, ಉಪಾಧ್ಯಾಯಿನಿಯರು, ಗ್ರಾಮಸೇವಿಕೆಯರು ಬೇಕು. ಕೆಲಸ ಬೇಡುವ ಹೆಂಗಸರೂ ಹೇರಳವಾಗಿದ್ದಾರೆ. ಆದರೆ ತರಬೇತಿಗೆ ಸೇರಲು ಬೇಕಾದ ಕನಿಷ್ಠ ವಿದ್ಯಾರ್ಹತೆ ಅವರಿಗಿಲ್ಲ. ೧೯೫೮ರಲ್ಲಿ ಆರಂಭವಾದ ಪ್ರೌಢ ಮಹಿಳೆಯರ ಸಂಕ್ಷಿಪ್ತ ಶಿಕ್ಷಣ ಯೋಜನೆ ಈ ಕಂದಕಕ್ಕೆ ಹಾಕಿದ ಸೇತುವೆ. ಸ್ವಲ್ಪಮಟ್ಟಿಗೆ ಓದು ಬಲ್ಲವರನ್ನು ಸುಮಾರು ಎರಡು ವರ್ಷಗಳಲ್ಲಿ ಮೆಟ್ರಿಕ್ಯುಲೇಷನ್ ಅಥವಾ ತತ್ಸಮಾನ ಪರೀಕ್ಷೆಗೆ ಅಣಿಗೊಳಿಸುವುದು ಅದರ ಕ್ರಮ. ಬೆಳೆದ ಹೆಂಗಸಿಗೆ ಎಳೆಯ ಮಗುವಿನಷ್ಟು ಕಾಲ ಬೇಕಿಲ್ಲ, ಆಕೆಯ ಬದುಕಿನ ಅನುಭವವೇ ಕಲಿಕೆಗೆ ನೆರವಾಗುವುದು ಎಂಬ ವಿಶ್ವಾಸ ಇದರ ಮೂಲದಲ್ಲಿದೆ. ವಿದ್ಯಾರ್ಥಿನಿಯನ್ನು ದಡ್ಡಿಯೆಂದು ಭಾವಿಸದೆ, ಅವಕಾಶ ತಪ್ಪಿದವಳೆಂದು ಭಾವಿಸುವ ಈ ದೃಷ್ಟಿಯೇ ಯೋಜನೆಯ ತಿರುಳು.

೬

ಈಗ ಪಾಠಕ್ರಮದ ಪ್ರಶ್ನೆಗೆ ಬರೋಣ. ಹೆಣ್ಣಿಗೆ ಬೇಕಾದ ವಿದ್ಯೆ ಗಂಡಿನ ವಿದ್ಯೆಗಿಂತ ಭಿನ್ನವೇ? ಬಹುಪಾಲು ಹೆಂಗಸರು ಗೃಹಿಣಿಯರೂ ತಾಯಂದಿರೂ ಆಗುವುದರಿಂದ ಅವರ ಶಿಕ್ಷಣ ಅದಕ್ಕೆ ಅನುಗುಣವಾಗಿರಬೇಕೆಂಬುದು ಕರ್ವೆಯವರ ವಾದ. ೧೯೪೮-೪೯ರ ರಾಧಾಕೃಷ್ಣನ್ ಆಯೋಗವೂ ಸ್ತ್ರೀಯರಿಗೆ ಗೃಹವಿಜ್ಞಾನ, ದಾದಿಯ ವೃತ್ತಿ, ಅಧ್ಯಾಪನ, ಲಲಿತಕಲೆಗಳು ವಿಶೇಷವಾಗಿ ಉಚಿತವೆಂದು ಸೂಚಿಸಿತು. ಇದಕ್ಕೆ ವ್ಯತಿರಿಕ್ತವಾಗಿ ಹಂಸಾ ಮೆಹತಾ ಅವರ ಅಧ್ಯಕ್ಷತೆಯ ೧೯೬೨ರ ಸಮಿತಿಯು ಹುಡುಗ ಹುಡುಗಿಯರಿಗೆ ಲಿಂಗಭೇದದ ಆಧಾರದಿಂದ ಬೇರೆ ಬೇರೆ ಪಾಠಕ್ರಮಗಳನ್ನು ವಿಧಿಸಬಾರದೆಂದು ಹೇಳಿತು. ೧೯೬೪-೬೬ರ ಕೊಠಾರಿ ಆಯೋಗ ಅದನ್ನು ಅನುಮೋದಿಸಿತು.

ಕರ್ವೆಯವರ ಪರವಾಗಿ ಹೇಳಬೇಕಾದುದು ಬಹಳವಿದೆ. ಇಂಗ್ಲಿಷ್ ಮಾಧ್ಯಮದ ಪರೀಕ್ಷೆಗಾಗಿ ಕಾದು ಕುಳಿತಿದ್ದರೆ ಹಿಂಗಣೆಯ ಎಷ್ಟೋ ಹೆಂಗಸರಿಗೆ ಉಚ್ಚ ಶಿಕ್ಷಣವೇ ಒದಗುತ್ತಿರಲಿಲ್ಲ. ಆದರೂ ಅವರ ವಿಶ್ವವಿದ್ಯಾನಿಲಯಕ್ಕೆ ಶಾಸನಬದ್ಧ ಸ್ಥಾನ ದೊರೆತುದು ೧೯೫೧ರಲ್ಲಿ. ಅಲ್ಲಿಯವರೆಗೆ ಅದರ ಪದವೀಧರೆಯ ಕೈಯಲ್ಲಿದ್ದ ಪ್ರಮಾಣಪತ್ರಕ್ಕೆ, ಮದರಾಸಿನ ವಿಧವೆ ಪಡೆದ ಪ್ರಮಾಣಪತ್ರದ ಬೆಲೆ ಸರ್ಕಾರದ ದೃಷ್ಟಿಯಲ್ಲಿ ಇರಲಿಲ್ಲ. ಮೂವತ್ತೈದು ವರ್ಷಗಳೆಂದರೆ ಒಂದು ತಲೆಮಾರಿಗಿಂತಲೂ ಹೆಚ್ಚು. ಕಲಿಕೆಯನ್ನು ಸುಲಭ ಮಾಡುವುದು ಬೇರೆ. ಕಲಿಕೆಯ ಎಲ್ಲೆಯನ್ನು ಮೊದಲೇ ಕುಗ್ಗಿಸುವುದು ಬೇರೆ. ಭಾಷೆಯ ವಿಷಯದಲ್ಲಿ ಕರ್ವೆಯವರು ಮಾಡಿದುದು ಮೊದಲನೆಯದು. ವಿಷಯಗಳ ಆಯ್ಕೆಯಲ್ಲಿ ಅವರ ವ್ಯವಸ್ಥೆ ಎರಡನೆಯದರ ಕಡೆಗೆ ವಾಲಿತು. ಮದರಾಸಿನಲ್ಲಿಯೂ ಈ ದೋಷ ಬೇರೊಂದು ರೂಪದಲ್ಲಿದ್ದಿತು. ಅಲ್ಲಿ ಪರೀಕ್ಷೆ ಸಮಾನವಾಗಿದ್ದರೂ ಮುಂದಿನ ವೃತ್ತಿ ಬಹುಮಟ್ಟಿಗೆ ಉಪಾಧ್ಯಾಯಿನಿಯದೊಂದೇ. ನಿಶ್ಚಿತವಾದ ಹುದ್ದೆಯ ಅನುಕೂಲ, ಆಯ್ಕೆಯಿಲ್ಲದ ಹುದ್ದೆಯ ಇಕ್ಕಟ್ಟು, ಎರಡೂ ಒಂದೇ ವ್ಯವಸ್ಥೆಯ ಎರಡು ಮುಖಗಳಾಗಿದ್ದುವು.

೭

ಈ ಸಂಸ್ಥೆಗಳ ಗುಣಕಥನ ಮಾಡುವಾಗ ಅವುಗಳ ಬಾಗಿಲು ಯಾರಿಗೆ ತೆರೆದಿರಲಿಲ್ಲವೆಂಬುದನ್ನೂ ಹೇಳುವುದು ಚರಿತ್ರಕಾರನ ಧರ್ಮ. ಹಿಂಗಣೆಯ ಆಶ್ರಮ ತನ್ನ ಮೊದಲ ದಶಕಗಳಲ್ಲಿ ಬಹುಮಟ್ಟಿಗೆ ಬ್ರಾಹ್ಮಣ ವಿಧವೆಯರದು. ಐಸ್ ಹೌಸಿನ ನಿಲಯ ಬ್ರಾಹ್ಮಣ ವಿಧವೆಯರಿಗೇ ಮೀಸಲು. ಸನಾತನಿ ಕುಟುಂಬಗಳು ಒಪ್ಪಬೇಕಾದರೆ ಇದು ಅನಿವಾರ್ಯವಾಗಿದ್ದಿತೆಂಬ ಸಮಾಧಾನವುಂಟು. ಸುಬ್ಬಲಕ್ಷ್ಮಿ ಹತ್ತಿರದ ಮೀನುಗಾರರ ಕುಪ್ಪದ ಮಕ್ಕಳಿಗಾಗಿ ಶಾಲೆಯನ್ನು ನಡೆಸಿದುದೂ ನಿಜ. ಆದರೆ ಕುಪ್ಪದ ಹುಡುಗಿಗೆ ಆ ಪ್ರಾಥಮಿಕ ಶಾಲೆಯಿಂದ ಕಾಲೇಜಿನವರೆಗೆ ನಿಲಯದ ಹುಡುಗಿಗಿದ್ದಂತಹ ಮೆಟ್ಟಿಲುಗಳು ಇರಲಿಲ್ಲ. ಪುಣೆಯಲ್ಲಿಯೇ ೧೮೪೮ರಲ್ಲಿ ಜ್ಯೋತಿರಾವ್ ಮತ್ತು ಸಾವಿತ್ರೀಬಾಯಿ ಫುಲೆ ದಂಪತಿಗಳು ಹೆಣ್ಣುಮಕ್ಕಳ ಶಾಲೆಯನ್ನು ತೆರೆದು, ಮುಂದೆ ಅಸ್ಪೃಶ್ಯರೆನಿಸಿದವರ ಮಕ್ಕಳಿಗೂ ವಿದ್ಯೆ ನೀಡಿದ್ದರೆಂಬುದನ್ನು ನೆನೆದಾಗ, ಅರ್ಧಶತಮಾನದ ಅನಂತರದ ಸಂಸ್ಥೆಗಳು ಈ ಒಂದು ಅಂಶದಲ್ಲಿ ಹಿಂದೆ ಸರಿದಿದ್ದುವೆಂದೇ ಹೇಳಬೇಕಾಗುವುದು.

ನಮ್ಮ ನಾಡಿನ ಸ್ಥಿತಿಯೂ ಹೆಚ್ಚು ಭಿನ್ನವಾಗಿರಲಿಲ್ಲ. ಮೈಸೂರಿನಲ್ಲಿ ೧೮೮೧ರಲ್ಲಿ ಆರಂಭವಾದ ಮಹಾರಾಣಿ ಬಾಲಿಕಾ ಪಾಠಶಾಲೆ ೧೯೦೧ರಲ್ಲಿ ಕಾಲೇಜಾಯಿತು. ಅದರ ಕೀರ್ತಿ ದೊಡ್ಡದು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ೧೮೯೭ರಲ್ಲಿ ಸ್ಥಾಪಿಸಿದ ದಲಿತೋದ್ಧಾರದ ಸಂಸ್ಥೆ ಶಾಲೆಗಳ ಜೊತೆಗೆ ಕಸಬನ್ನೂ ಕಲಿಸಿ ಬೇರೊಂದು ದಾರಿಯನ್ನು ತೋರಿಸಿತು. ಆದರೆ ಈ ಎರಡು ದಾರಿಗಳೂ ಕೂಡುವ ಸ್ಥಳದಲ್ಲಿ, ಎಂದರೆ ಕಾಲೇಜಿನಲ್ಲಿ, ದಲಿತ ಹುಡುಗಿಗೆ ಎಡೆ ದೊರೆಯಲು ಬಹುಕಾಲ ಹಿಡಿಯಿತು. ೧೯೪೪ರಲ್ಲಿ ಪರಿಶಿಷ್ಟ ಜಾತಿಗಳಿಗೆ ಮೆಟ್ರಿಕ್ಯುಲೇಷನ್ ಅನಂತರದ ವಿದ್ಯಾರ್ಥಿವೇತನ ಆರಂಭವಾದ ಮೇಲೆ, ವಿಧವೆಯರಿಗೆ ಆಶ್ರಮಗಳು ದಾನವಾಗಿ ಕೊಟ್ಟುದನ್ನು ರಾಜ್ಯವು ಹಕ್ಕಾಗಿ ಕೊಡುವ ಕ್ರಮ ಮೊದಲಾಯಿತು.

೮

ಇಷ್ಟು ವಿವೇಚನೆಯಿಂದ ಫಲಿಸುವ ಅಂಶಗಳನ್ನು ಸಂಗ್ರಹಿಸಬಹುದು. ಹಿಂಗಣೆ, ಐಸ್ ಹೌಸ್, ಆಂಧ್ರ ಮಹಿಳಾ ಸಭೆ ಈ ಮೂರೂ ವಿದ್ಯಾರ್ಥಿನಿಯನ್ನು ತಿದ್ದುವುದಕ್ಕೆ ಮೊದಲು ಆಕೆಯ ಪರಿಸ್ಥಿತಿಯನ್ನು ತಿದ್ದಿದುವು. ಇರಲು ಸ್ಥಳವಿಲ್ಲದವಳಿಗೆ ವಸತಿ, ಓದಿನ ತಳಹದಿಯಿಲ್ಲದವಳಿಗೆ ಸಂಕ್ಷಿಪ್ತ ಶಿಕ್ಷಣ, ಕಸಬಿಲ್ಲದವಳಿಗೆ ನೆಲೆಯಾದ ವೃತ್ತಿ, ಕೊನೆಗೆ ಸಂಸ್ಥೆಯ ಆಡಳಿತದಲ್ಲಿಯೇ ಪಾಲು. ಇವು ಒದಗಿದಾಗ ಆತ್ಮವಿಶ್ವಾಸ ತಾನಾಗಿ ಬಂದಿತು. ಇಂದಿನ ಅನೇಕ ಕಾರ್ಯಕ್ರಮಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬರುವ, ಸಂಜೆ ಮನೆಗೆಲಸಕ್ಕೆ ಓಡಬೇಕಾದ ವಿದ್ಯಾರ್ಥಿನಿಗೆ ಎರಡು ದಿನಗಳ ಶಿಬಿರದಲ್ಲಿ ಮಾತಿನ ಚಾತುರ್ಯವನ್ನು ಹೇಳಿಕೊಟ್ಟು ಕಳುಹಿಸಿದರೆ, ಕೊರತೆಯಿರುವುದು ಆಕೆಯ ಸ್ವಭಾವದಲ್ಲಿ ಎಂಬ ಭಾವನೆಯನ್ನು ನಾವೇ ಬಿತ್ತಿದಂತಾಗುವುದು. ಆಕೆಗೆ ಬೇಕಾದುದು ವಿದ್ಯಾರ್ಥಿನಿಲಯದಲ್ಲಿ ಒಂದು ಸ್ಥಳವೂ, ಇಂಗ್ಲಿಷು ಗಣಿತಗಳಲ್ಲಿ ಹಿಂದಿನ ಕೊರತೆಯನ್ನು ತುಂಬುವ ಒಂದು ವರ್ಷದ ಪಾಠವೂ ಆಗಿರಬಹುದು.

ಯಾವ ಕೌಶಲವನ್ನು ಕಲಿಸಬೇಕೆಂಬ ನಿರ್ಧಾರದಲ್ಲಿಯೂ ಚರಿತ್ರೆಯ ಎಚ್ಚರಿಕೆಯುಂಟು. ಹೊಲಿಗೆ, ಅಲಂಕಾರ, ಅಡುಗೆಗಳು ತುಚ್ಛವಲ್ಲ. ಅವುಗಳಿಂದ ಬದುಕು ಕಟ್ಟಿಕೊಂಡವರು ಅನೇಕರು. ಆದರೆ ಬಡ ವಿದ್ಯಾರ್ಥಿನಿಗೆ ಇವೇ ಸಾಕೆಂದು ಇತರರು ತೀರ್ಮಾನಿಸುವುದು ಸಲ್ಲದು. ೧೮೮೨ರಲ್ಲಿ ರಮಾಬಾಯಿ ಆಯೋಗದ ಮುಂದೆ ನಿಂತು ಹೆಂಗಸರ ಅಗತ್ಯವನ್ನು ತಾನೇ ಹೇಳಿದಳು. ಆಕೆ ತೋರಿದ ಆ ಕ್ರಮ, ಎಂದರೆ ಕಲಿಯುವವಳನ್ನೇ ಮೊದಲು ಕೇಳುವುದು, ನಮ್ಮ ಕಾಲೇಜುಗಳಲ್ಲಿ ಇನ್ನೂ ರೂಢಿಗೆ ಬರಬೇಕಾಗಿದೆ. ಈ ಸಂಸ್ಥೆಗಳಲ್ಲಿ ಓದಿದ ಸಾಮಾನ್ಯ ಹೆಂಗಸರ ಪತ್ರಗಳು, ಆತ್ಮಕಥನಗಳು, ವಾರ್ಷಿಕ ವರದಿಗಳು ಮರಾಠಿ ತಮಿಳು ತೆಲುಗುಗಳಲ್ಲಿ ಚದುರಿವೆ. ಕನ್ನಡ ನಾಡಿನ ವಿದ್ಯಾರ್ಥಿನಿ ನಿಲಯಗಳ ದಾಖಲೆಗಳೂ ಕಾಲೇಜುಗಳ ಉಗ್ರಾಣಗಳಲ್ಲಿ ಗೆದ್ದಲಿಗೆ ತುತ್ತಾಗುವ ಮೊದಲು ಯುವ ಸಂಶೋಧಕರು ಅವುಗಳ ಕಡೆಗೆ ದೃಷ್ಟಿ ಹರಿಸಿದರೆ, ಈ ಚರಿತ್ರೆಯ ಕನ್ನಡದ ಅಧ್ಯಾಯವನ್ನು ಬರೆಯುವುದು ಸಾಧ್ಯವಾಗುವುದು.